ಆಟಕ್ಕುಂಟು, ಲೆಕ್ಕಕ್ಕಿಲ್ಲ

ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಎರಡು ಅಂತಸ್ತಿನ ದ್ರಾವಣಗಳಿರುತ್ತವೆ. ಲೆಕ್ಕಕ್ಕೆ ಬರುವವು, ಲೆಕ್ಕಕ್ಕೆ ಬಾರದವು. ಬ್ಯುರೆಟ್ಟಿನಲ್ಲಿರುವುದು ಮೇಲಿನ ಅಂತಸ್ತಿನದು. ಅದರ ಮಟ್ಟ ಓದುವುದಕ್ಕೆ ಚೆನ್ನೈಯ ನಮ್ಮ ಕಾಲೇಜಿನ ಹುಡುಗಿಯರು ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಮಂಡಿ ಬಗ್ಗಿಸಿ ನಿಲ್ಲುತ್ತಾರೆ. ದೇವಸ್ಥಾನದಲ್ಲೂ ಅಷ್ಟು ಬಾಗಿದವರಲ್ಲ. ಪಿಪೆಟ್ಟಿನಲ್ಲಿ ಎಳೆದದ್ದಕ್ಕೂ ಅದೇ ಮರ್ಯಾದೆ. ಐವತ್ತು ಅಂದರೆ ಐವತ್ತೇ. ತುದಿಯಲ್ಲಿ ಉಳಿದ ಕೊನೆಯ ಹನಿಯನ್ನು ಊದಿ ಬೀಳಿಸಬೇಕೋ, ಹಾಗೇ ಬಿಡಬೇಕೋ ಎಂಬ ತಕರಾರಿನಲ್ಲಿ ಬೆಂಚಿನ ಈ ಕಡೆಯವರು ಆ ಕಡೆಯವರೊಡನೆ ಮಾತು ಬಿಟ್ಟದ್ದುಂಟು.

ಕೆಳಗಿನ ಅಂತಸ್ತಿನದು ಬಫರ್.

"ಮೇಡಂ, ಬಫರ್ ಎಷ್ಟು ಹಾಕಬೇಕು?"

"ಒಂದೆರಡು ಎಂಎಲ್ ಹಾಕಮ್ಮ."

"ಒಂದಾ, ಎರಡಾ?"

"ಎರಡು ಹಾಕು. ಎರಡೂವರೆ ಆದರೂ ಪರವಾಗಿಲ್ಲ."

ಹುಡುಗಿ ನನ್ನನ್ನು ಅನುಮಾನದಿಂದ ನೋಡುತ್ತಾಳೆ. ಎರಡನೇ ದಶಮಾಂಶ ತಪ್ಪಿದರೆ ಅಂಕ ಕಳೆಯುತ್ತೇನೆ ಎಂದು ಈಗ ತಾನೇ ಗುಡುಗಿದ ಹೆಂಗಸು ಇವಳೇನಾ? ಆಮೇಲೆ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಅಂದಾಜಿಗೆ ಸುರಿಯುತ್ತಾಳೆ. ಕೊನೆಯಲ್ಲಿ ಸೂತ್ರ ಬರೆದು ಲೆಕ್ಕ ಹಾಕುವಾಗ ನೀರಿನ ಅಳತೆ ಬರುತ್ತದೆ, ಬ್ಯುರೆಟ್ಟಿನಲ್ಲಿರುವ ಇಡಿಟಿಎಯ ಅಳತೆ ಬರುತ್ತದೆ, ಅದರ ಸಾಂದ್ರತೆಯೂ ಬರುತ್ತದೆ. ಬಫರಿನ ಹೆಸರು ಎಲ್ಲೂ ಇಲ್ಲ.

ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಕುಂಟೆಬಿಲ್ಲೆ ಆಡುವಾಗ ಅಕ್ಕಂದಿರ ಲಂಗ ಹಿಡಿದುಕೊಂಡು ಬಂದ ಪುಟ್ಟದೊಂದು ಯಾವಾಗಲೂ ಇರುತ್ತಿತ್ತು. ಬಿಟ್ಟು ಆಡಿದರೆ ಅತ್ತು ಊರು ಸೇರಿಸುತ್ತದೆ. ಸೇರಿಸಿಕೊಂಡರೆ ಅದಕ್ಕೆ ಆಟ ಬರುವುದಿಲ್ಲ. ಅದಕ್ಕೆಂದೇ ಇದ್ದ ಕಾನೂನು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಲ್ಯಾಬಿನಲ್ಲಿ ಬಫರಿನ ಸ್ಥಾನ ಅದೇ. ವ್ಯತ್ಯಾಸ ಒಂದೇ, ಇಲ್ಲಿ ಪುಟ್ಟದನ್ನು ಬಿಟ್ಟರೆ ಆಟವೇ ಕೆಡುತ್ತದೆ.

ಯಾಕೆ ಕೆಡುತ್ತದೆ ಎನ್ನುವುದನ್ನು ಹೇಳಿಬಿಡುತ್ತೇನೆ, ಮೇಷ್ಟರ ಚಟ. ಪ್ರಯೋಗ ಗಡಸು ನೀರಿನದು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿವೆ ಎಂದು ಅಳೆಯಬೇಕು. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಕಪ್ಪು ಪುಡಿಯನ್ನು ಚಿಟಿಕೆ ಹಾಕಿದರೆ ಅದು ಮೆಗ್ನೀಸಿಯಂ ಜೊತೆ ಕೂಡಿಕೊಂಡು ಕೆಂಪಾಗುತ್ತದೆ. ಬ್ಯುರೆಟ್ಟಿನಿಂದ ಇಡಿಟಿಎ ಇಳಿದಂತೆ ಲೋಹದ ಅಯಾನುಗಳು ಒಂದೊಂದಾಗಿ ಅದರ ಕೈಸೆರೆಯಾಗುತ್ತವೆ. ಕೊನೆಯ ಅಯಾನೂ ಸಿಕ್ಕಿಬಿದ್ದಾಗ ಒಂಟಿಯಾಗಿ ಉಳಿದ ಬಣ್ಣ ನೀಲಿಗೆ ತಿರುಗುತ್ತದೆ. ಈ ನೀಲಿ ಕಾಣುವುದು ಪಿಎಚ್ ಏಳರಿಂದ ಹನ್ನೊಂದರ ಒಳಗೆ ಮಾತ್ರ. ಆಮ್ಲದ ಕಡೆ ಜಾರಿದರೆ ಒಂಟಿಯಾದರೂ ಕೆಂಪೇ. ಹನ್ನೆರಡು ದಾಟಿಸಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಬುಡಕ್ಕೆ ಕೂತುಬಿಡುತ್ತದೆ. ಹತ್ತರ ಆಸುಪಾಸಿನಲ್ಲೇ ನಿಲ್ಲಬೇಕು. ನಿಲ್ಲಲು ಬಿಡದವನು ಇಡಿಟಿಎ ತಾನೇ. ಒಂದು ಕ್ಯಾಲ್ಸಿಯಂ ಹಿಡಿದಾಗಲೆಲ್ಲ ಅದು ಎರಡು ಹೈಡ್ರೋಜನ್ ಅಯಾನುಗಳನ್ನು ಹೊರಗೆ ಬಿಡುತ್ತದೆ, ಕೆಲಸ ಮುಂದುವರಿದಂತೆ ನೀರು ಹುಳಿಯಾಗುತ್ತ ಹೋಗುತ್ತದೆ. ಆ ಹುಳಿಯನ್ನೆಲ್ಲ ಸದ್ದಿಲ್ಲದೆ ಹೊಟ್ಟೆಗೆ ಹಾಕಿಕೊಳ್ಳುವುದು ಬಫರಿನಲ್ಲಿರುವ ಅಮೋನಿಯಾ.

ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟವನು ಸೋರೆನ್‌ಸೆನ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದವನು. ಹೌದು, ಬಿಯರ್ ಮಾಡುವ ಕಾರ್ಲ್ಸ್‌ಬರ್ಗೇ. ಇಡಿಟಿಎ ಹುಟ್ಟಿದ್ದು 1935ರಲ್ಲಿ, ಜರ್ಮನಿಯಲ್ಲಿ, ಬಟ್ಟೆಗೆ ಬಣ್ಣ ಹಾಕುವವರಿಗೆ ಗಡಸು ನೀರಿನ ಕಾಟ ತಪ್ಪಿಸಲೆಂದು. ಅದನ್ನು ಬ್ಯುರೆಟ್ಟಿಗೆ ತುಂಬಿ ನೀರು ಅಳೆಯುವ ವಿದ್ಯೆಯನ್ನು 1940ರ ದಶಕದಲ್ಲಿ ಕಟ್ಟಿದವನು ಜೂರಿಕ್‌ನ ಶ್ವಾರ್ಟ್ಸೆನ್‌ಬಾಕ್. ಇಂದು ತಮಿಳುನಾಡಿನಲ್ಲಿ ಎಂಜಿನಿಯರಿಂಗಿಗೆ ಸೇರಿದ ಮಕ್ಕಳು ಮೊದಲ ವರ್ಷದಲ್ಲೇ ಮಾಡುವ ಪ್ರಯೋಗ ಇದು. ಮ್ಯಾನ್ಯುಯಲ್ಲಿನಲ್ಲಿ ಬಣ್ಣದ ವಿವರಣೆ ಹೀಗಿರುತ್ತದೆ: ವೈನ್ ರೆಡ್‌ನಿಂದ ಸ್ಟೀಲ್ ಬ್ಲೂ. ವೈನ್ ಹೇಗಿರುತ್ತದೆಂದು ನಾನು ಕಲಿತದ್ದೂ ಕೋನಿಕಲ್ ಫ್ಲಾಸ್ಕಿನಲ್ಲೇ. ಬಿಯರ್ ಕಂಪನಿಯ ಪಿಎಚ್, ವೈನಿನ ಬಣ್ಣ. ಫಿಲ್ಟರ್ ಕಾಫಿಗಿಂತ ಗಟ್ಟಿಯಾದದ್ದನ್ನು ಬಾಯಿಗೆ ಹಾಕದ ಮನೆಯಿಂದ ಬಂದವಳು ಜೀವನವಿಡೀ ಇದನ್ನೇ ಕಲಿಸಿದೆ.

ಇಷ್ಟೆಲ್ಲ ಕಲಿಸಿದರೂ ಬಫರ್ ಮಾಡುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಕ್ಕಳು ಬರುವಾಗ ಅದು ಕಂದು ಬಣ್ಣದ ಸೀಸೆಯಲ್ಲಿ ಬೆಂಚಿನ ಮೇಲೆ ಇದ್ದೇ ಇರುತ್ತದೆ. ಎಲ್ಲಿಂದ ಬಂತು ಎಂದು ಕೇಳಿದ ಹುಡುಗಿಯನ್ನು ನಾನು ಕಂಡಿಲ್ಲ. ನಮ್ಮಲ್ಲಿ ಅದು ಬರುತ್ತಿದ್ದದ್ದು ಅಟೆಂಡರ್ ಅಣ್ಣನ ಕೈಯಿಂದ. ಮಕ್ಕಳು ಅವರನ್ನು ಬಫರ್ ಅಣ್ಣಾ ಎನ್ನುತ್ತಿದ್ದರು. ಬಫರ್ ಮಾಡುತ್ತಾರೆಂದಲ್ಲ, ನನ್ನ ಬೈಗುಳಕ್ಕೂ ತಮಗೂ ನಡುವೆ ಬಂದು ನಿಲ್ಲುತ್ತಾರೆಂದು. ಒಡೆದ ಪಿಪೆಟ್ಟುಗಳ ಪಟ್ಟಿಯಲ್ಲಿ ಅರ್ಧಕ್ಕೆ ಅರ್ಧ "ಮೊದಲೇ ಬಿರುಕು ಇತ್ತು" ಎಂದು ಅವರ ಕೈಬರಹದಲ್ಲಿರುತ್ತಿತ್ತು.

ವೋಗೆಲ್ ಎಂಬ ಪುಣ್ಯಾತ್ಮನ ಪುಸ್ತಕ ನಮ್ಮವರ ಪಾಲಿಗೆ ಪಂಚಾಂಗವಿದ್ದಂತೆ ಅನ್ನುವುದು ಅತಿಶಯವಲ್ಲ. ಅದರಲ್ಲಿರುವ ಅಳತೆ ಇದು: ಅಮೋನಿಯಂ ಕ್ಲೋರೈಡ್ 17.5 ಗ್ರಾಂ, ಗಟ್ಟಿ ಅಮೋನಿಯಾ ದ್ರಾವಣ 142 ಎಂಎಲ್, ಡಿಸ್ಟಿಲ್ಡ್ ವಾಟರ್ ಸೇರಿಸಿ ಒಟ್ಟು 250 ಎಂಎಲ್. ನಲವತ್ತು ಹುಡುಗಿಯರು, ತಲೆಗೆ ಮೂರು ಸಲದ ಟೈಟ್ರೇಷನ್, ಸಲಕ್ಕೆ ಎರಡು ಎಂಎಲ್ ಎಂದರೆ 250 ಒಂದೇ ಬ್ಯಾಚಿಗೆ ಮುಗಿಯುತ್ತದೆ. ಹಾಗಾಗಿ ಅಣ್ಣ ಎಂಟರಿಂದ ಗುಣಿಸಿ ಎರಡು ಲೀಟರ್ ಒಟ್ಟಿಗೇ ಮಾಡುತ್ತಿದ್ದರು. 140 ಗ್ರಾಂ, 1136 ಎಂಎಲ್. ಪುಸ್ತಕ ತೆರೆದದ್ದು ಕಾಣೆ.

ಮುಹೂರ್ತ ಬೆಳಿಗ್ಗೆ ಎಂಟು. ಅದಕ್ಕೆ ಕಾರಣ ವೋಗೆಲ್ ಅಲ್ಲ, ಬಂಗಾಳ ಕೊಲ್ಲಿ. ನಮ್ಮ ಫ್ಯೂಮ್ ಕಪ್‌ಬೋರ್ಡಿನ ಫ್ಯಾನು ಸೇವೆಯಿಂದ ನಿವೃತ್ತವಾಗಿ ಬಹಳ ಕಾಲವಾಗಿತ್ತು. ಅಮೋನಿಯಾ ಹೊರಗೆ ಹೋಗಲು ಇದ್ದ ದಾರಿ ಪೂರ್ವದ ಕಿಟಕಿ ಒಂದೇ. ಬೇಸಗೆಯ ಬೆಳಿಗ್ಗೆ ಚೆನ್ನೈಯಲ್ಲಿ ಗಾಳಿ ನೆಲದಿಂದ ಕಡಲಿನ ಕಡೆಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ಊರೊಳಕ್ಕೆ ನುಗ್ಗುತ್ತದೆ. ಊರಿಗೆಲ್ಲ ಆ ಗಾಳಿ ಅಂದರೆ ಪ್ರಾಣ. ಅಣ್ಣನಿಗೆ ಮಾತ್ರ ವೈರಿ. ಒಮ್ಮೆ ಹೊಸಬರೊಬ್ಬರು ಮಧ್ಯಾಹ್ನ ಎರಡಕ್ಕೆ ಬಾಟಲಿ ಬಿಚ್ಚಿದರು. ಮರೀನಾದ ಗಾಳಿ ಒಳಗೆ ಬಂತು, ಎರಡು ಮಹಡಿ ಖಾಲಿಯಾಯಿತು. ಅಷ್ಟು ಶಿಸ್ತಿನಿಂದ ನಮ್ಮ ಮಕ್ಕಳು ಅಗ್ನಿಶಾಮಕದವರ ಅಣಕು ಪ್ರದರ್ಶನದ ದಿನವೂ ಇಳಿದಿರಲಿಲ್ಲ.

ಏಪ್ರಿಲಿನ ಬಿಸಿಗೆ ಅಮೋನಿಯಾ ಬಾಟಲಿಯೊಳಗೆ ಒತ್ತಡ ಏರಿರುತ್ತದೆ. ಮುಚ್ಚಳ ತಿರುವಿದರೆ ಮುಖಕ್ಕೇ. ಅದಕ್ಕೆ ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿ ಕೂರಿಸಿ, ಅದು ತಣಿಯುವಷ್ಟರಲ್ಲಿ ಅಣ್ಣ ಮೊದಲ ಕೆಲಸ ಮುಗಿಸುತ್ತಿದ್ದರು. ಅಮೋನಿಯಂ ಕ್ಲೋರೈಡ್ ಅಂದರೆ ನಮ್ಮ ನವಸಾಗರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ತಿಕ್ಕುತ್ತಿದ್ದ ಬಿಳಿ ಪುಡಿ. ಚೆನ್ನೈಯ ಹವೆಗೆ ಅದು ಪುಡಿಯಾಗಿ ಉಳಿಯುವುದಿಲ್ಲ, ಡಬ್ಬಿಯಲ್ಲೇ ಹೆಂಟೆಗಟ್ಟುತ್ತದೆ. ಅಣ್ಣ ಅದನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಕುಟ್ಟಿ, ತೂಗಿ, ದೊಡ್ಡ ಬೀಕರಿನ ನೀರಿಗೆ ಸುರಿದು ಗಾಜಿನ ಕಡ್ಡಿಯಿಂದ ತಿರುವುತ್ತಿದ್ದರು. ಆಗ ನಡೆಯುತ್ತಿದ್ದದ್ದು ಆ ಲ್ಯಾಬಿನ ಏಕೈಕ ಪವಾಡ. ನವಸಾಗರ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ನೋಡನೋಡುತ್ತ ಬೀಕರಿನ ಹೊರಮೈ ಮಂಜಾಗುತ್ತದೆ, ಮಂಜು ಹನಿಯಾಗುತ್ತದೆ, ಹನಿ ಬೆಂಚಿನ ಮೇಲೆ ಉಂಗುರ ಬಿಡುತ್ತದೆ. ಹೊರಗೆ ಮೂವತ್ತೈದು ಡಿಗ್ರಿ, ಒಳಗೆ ಈ ಒಂದು ಪಾತ್ರೆ ಕೈಗೆ ಜುಮ್ಮೆನ್ನುವಷ್ಟು ತಣ್ಣಗೆ.

"ಹಿಡ್ಕೊಳ್ಳಿ ಮೇಡಂ, ಕರೆಂಟಿಲ್ಲದ ಫ್ರಿಜ್ಜು," ಎಂದು ಅವರು ತಮಿಳಿನಲ್ಲಿ ಹೇಳಿ ಬೀಕರನ್ನು ನನ್ನ ಕಡೆ ಸರಿಸುತ್ತಿದ್ದರು. ನಾನು ಎರಡು ಅಂಗೈಯನ್ನೂ ಒತ್ತಿ ಹಿಡಿಯುತ್ತಿದ್ದೆ. ಪಿಎಚ್‌ಡಿ ಪಡೆದ ಮೇಲೆ ಮಾಡಬಹುದಾದ ಘನಂದಾರಿ ಕೆಲಸವಲ್ಲ. ಆದರೂ ಬಫರ್ ಮಾಡುವ ದಿನ ನಾನು ಎಂಟಕ್ಕೆ ಮುಂಚೆ ಕಾಲೇಜಿಗೆ ಬರುತ್ತಿದ್ದದ್ದು ಮೇಲ್ವಿಚಾರಣೆಗೆ ಎಂದು ಎಲ್ಲರೂ ನಂಬಿದ್ದರು.

ಬಾಟಲಿ ತಣಿದ ಮೇಲೆ ಅಮೋನಿಯಾ. ನೂರು ಎಂಎಲ್ ಜಾರಿನಲ್ಲಿ ಹನ್ನೊಂದು ಸಲ, ಆಮೇಲೆ ಮೂವತ್ತಾರು. ಮುಖ ಕಿಟಕಿಗೆ ತಿರುಗಿಸಿ, ಪ್ರತಿ ಸಲ ಉಸಿರು ಹಿಡಿದು ಸುರಿದು, ಉಸಿರು ಬಿಡುವಾಗ ಲೆಕ್ಕ ಹೇಳಿಕೊಳ್ಳಬೇಕು. ತಪ್ಪಿದರೆ ಅಮೋನಿಯಾ ಎಷ್ಟು ಹೋಯಿತೆಂದು ಬೀಕರನ್ನು ಕೇಳುವಂತಿಲ್ಲ. ಮೊದಲ ಸಲ ನಾನು ಆ ಲೆಕ್ಕ ಕೇಳಿಸಿಕೊಂಡ ದಿನ ನೆನಪಿದೆ. ನಡುವಿನ ಅಂಕಿಗಳು ಉಸಿರಿನಲ್ಲಿ ಕರಗಿ ಹೋದವು. ಒಂಬತ್ತು ಅನ್ನುವಾಗ ಅನುಮಾನ ಬಂತು, ಹತ್ತು ಅನ್ನುವಾಗ ನಾನು ಎದ್ದು ನಿಂತಿದ್ದೆ.

"ಅಣ್ಣಾ, ನೀವು ಕನ್ನಡದವರಾ?"

ಹನ್ನೊಂದನೆಯದನ್ನು ಸುರಿದು, ಮುಚ್ಚಳ ತಿರುವಿ, ಆಮೇಲೆ ಉತ್ತರ ಕೊಟ್ಟರು. "ತಾಳವಾಡಿ ಕಡೆಯೋರು ಮೇಡಂ. ರಾಜಕುಮಾರ್ ಗಾಜನೂರು ಗೊತ್ತಲ್ಲ, ಅಲ್ಲೇ ಪಕ್ಕ. ಸ್ಕೂಲೆಲ್ಲ ತಮಿಳಲ್ಲೇ ಆಯ್ತು. ಇಲ್ಲಿ ಬಂದ ಮೇಲೆ ಮಾತೂ ಹೋಯ್ತು. ಲೆಕ್ಕ ಮಾತ್ರ ಅಜ್ಜಿ ಹೇಳಿಕೊಟ್ಟಿದ್ದು, ಅದು ಮಾತ್ರ ಬದಲಾಗಲಿಲ್ಲ."

ಅಷ್ಟು ವರ್ಷ ಇಬ್ಬರೂ ತಮಿಳಿನಲ್ಲೇ ಮಾತಾಡಿದ್ದೆವು. ನನ್ನ ತಮಿಳು ಕೇಳಿ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಮೇಡಮ್ಮಿಗೆ ಮುಜುಗರವಾಗಬಾರದೆಂದು ಸುಮ್ಮನಿದ್ದರಂತೆ.

ಇನ್ನು ನೀರಿನ ಕತೆ. ಲ್ಯಾಬಿನ ನಲ್ಲಿ ನೀರನ್ನೇ ನಲವತ್ತು ಜನಕ್ಕೂ ಕೊಟ್ಟರೆ ಒಬ್ಬಳು ಮಾಡಿ ಮೂವತ್ತೊಂಬತ್ತು ಮಂದಿ ಬರೆದುಕೊಳ್ಳುತ್ತಾರೆ ಎಂಬುದು ಲೋಕಸತ್ಯ. ಅದಕ್ಕೆ ನಾನು ಕಂಡುಕೊಂಡ ಉಪಾಯ: ಅವರವರ ಮನೆಯ ನೀರು ಅವರವರೇ ತನ್ನಿ. ಮರುವಾರ ಬೆಂಚುಗಳ ಮೇಲೆ ಇಡೀ ಮದರಾಸು ಬಂದು ಕೂತಿತ್ತು. ಮಾಜಾ ಬಾಟಲಿಯಲ್ಲಿ ನಂಗನಲ್ಲೂರಿನ ಬೋರು, ಹಾರ್ಲಿಕ್ಸ್ ಬಾಟಲಿಯಲ್ಲಿ ಮೈಲಾಪುರದ ಬಾವಿ, ಬೆಳಗಿನ ಜಾವ ಎದ್ದು ಕೈಪಂಪು ಹೊಡೆದು ಹಿಡಿದ, ಮೆಟ್ರೋ ವಾಟರು ಎಂಬ ಊರ ಸರಬರಾಜಿನ ನೀರು, ಲಾರಿ ನೀರು. ಸೌಕಾರ್‌ಪೇಟೆಯ ಹುಡುಗಿಯೊಬ್ಬಳು ತನ್ನ ಬಾಟಲಿಗೆ ಹೆಮ್ಮೆಯಿಂದ ಸೆವೆನ್ ವೆಲ್ಸ್ ಎಂದು ಚೀಟಿ ಅಂಟಿಸಿದ್ದಳು. ಕೋಟೆಗೆ ನೀರು ಒದಗಿಸಲು 1772ರ ಸುಮಾರಿಗೆ ಬ್ರಿಟಿಷರು ತೋಡಿಸಿದ ಏಳು ಬಾವಿಗಳಿಂದ ಅವಳ ಬೀದಿಗೆ ಬಂದ ಹೆಸರದು. ನೀರು ಮಾತ್ರ ಅವಳ ಮನೆಯ ಬೋರಿನದು.

ಐವತ್ತು ಎಂಎಲ್ ನೀರು, 0.01 ಮೋಲಾರ್ ಇಡಿಟಿಎ ಇಟ್ಟುಕೊಂಡರೆ ಲೆಕ್ಕ ಬಾಯಲ್ಲೇ ಹೇಳಬಹುದು: ಬ್ಯುರೆಟ್ಟಿನ ಒಂದೊಂದು ಎಂಎಲ್ಲಿಗೆ ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಗಡಸು. ಕುಡಿಯುವ ನೀರಿಗೆ ಭಾರತದ ಮಾನಕ ಒಪ್ಪುವುದು 200, ಅಂದರೆ ಹತ್ತು ಎಂಎಲ್. ಬೇರೆ ಗತಿಯಿಲ್ಲದಿದ್ದರೆ 600, ಅಂದರೆ ಮೂವತ್ತು. ಮೆಟ್ರೋ ವಾಟರಿನವರು ಬೇಗ ಮುಗಿಸಿ ಕ್ಯಾಂಟೀನಿಗೆ ಹೋದರು. ಬೋರಿನವರು ನಿಂತೇ ಇದ್ದರು. ಸಮುದ್ರದ ಹತ್ತಿರದ ಒಬ್ಬಳು ಐವತ್ತು ಎಂಎಲ್ ಬ್ಯುರೆಟ್ ಖಾಲಿ ಮಾಡಿ ಎರಡನೇ ಸಲ ತುಂಬಿಸಲು ಬಂದಾಗ ಕಣ್ಣಲ್ಲಿ ನೀರಿತ್ತು. "ನಮ್ಮ ಮನೆ ನೀರು ಫೇಲಾ ಮೇಡಂ?"

ಗಡಸು ತಿಳಿಯಲು ಇಷ್ಟೆಲ್ಲ ಒದ್ದಾಡುವುದು ನಮ್ಮತ್ತೆಗೆ ನಗೆಪಾಟಲಾಗಿತ್ತು. ಟ್ರಿಪ್ಲಿಕೇನಿನ ಹಳೆಯ ವಠಾರದ ಮನೆಗೆ ಸೊಸೆಯಾಗಿ ಹೋದ ಹೊಸದರಲ್ಲಿ ನಾನು ಈ ಪ್ರಯೋಗದ ವಿಷಯ ಹೇಳಿದೆ. ಅವರು ಕೇಳಿ ಮುಗಿಸಿ, "ಅಷ್ಟಕ್ಕೆ ಮೂರು ಗಂಟೆ ಬೇಕೇನೇ? ತೊಗರಿಬೇಳೆ ಹಾಕು, ಬೇಯದಿದ್ದರೆ ಬೋರು," ಎಂದರು. ಕ್ಯಾಲ್ಸಿಯಂ ಹೆಚ್ಚಿದ್ದರೆ ಬೇಳೆ ಮೆತ್ತಗಾಗುವುದಿಲ್ಲ, ತಪ್ಪಿಲ್ಲ. ಎರಡನೆಯ ಪರೀಕ್ಷೆ ಸೋಪು. ನೊರೆ ಬಂದರೆ ಮೆಟ್ರೋ, ಕೆನೆಗಟ್ಟಿದರೆ ಬೋರು. ಹತ್ತೊಂಬತ್ತನೇ ಶತಮಾನದಲ್ಲಿ ಅಬರ್ಡೀನಿನ ಥಾಮಸ್ ಕ್ಲಾರ್ಕ್ ಮಾಡಿದ್ದೂ ಇದನ್ನೇ. ಸೋಪಿನ ದ್ರಾವಣವನ್ನು ಹನಿಹನಿ ಹಾಕಿ ಕುಲುಕಿ, ನೊರೆ ಐದು ನಿಮಿಷ ನಿಲ್ಲುವವರೆಗೆ ಎಷ್ಟು ಸೋಪು ಹೋಯಿತು ಎನ್ನುವುದೇ ಗಡಸಿನ ಅಳತೆ. ಅವನ ಹೆಸರು ಪುಸ್ತಕಕ್ಕೆ ಏರಿತು. ನಮ್ಮತ್ತೆಯದು ಸಾರಿನ ರುಚಿಯಲ್ಲಿ ಉಳಿಯಿತು.

2004ರಲ್ಲಿ ವೀರಾಣಂ ಕೆರೆಯಿಂದ ಚೆನ್ನೈಗೆ ಕೊಳವೆ ಬಂತು. ಚೋಳರು ಕಟ್ಟಿಸಿದ ಕೆರೆ. ಅದಕ್ಕೆ ನೀರು ಕೊಳ್ಳಿಡಂನಿಂದ, ಕೊಳ್ಳಿಡಂ ಕವಲೊಡೆಯುವುದು ಕಾವೇರಿಯಿಂದ. ಕನ್ನಂಬಾಡಿ ದಾಟಿ ನನ್ನ ತವರುಮನೆಯ ಹಿತ್ತಿಲಿನ ಹಿಂದೆ ಹರಿದ ಹೊಳೆ ಮೆಟ್ಟೂರು ದಾಟಿ, ಅಷ್ಟು ದೂರ ಸುತ್ತಿಕೊಂಡು ನಮ್ಮ ಅಡುಗೆಮನೆಯ ನಲ್ಲಿಗೆ ಬಂದಿತು. ಅತ್ತೆಯ ತೀರ್ಪು: "ಬೇಳೆ ಪರವಾಗಿಲ್ಲ. ನಿಮ್ಮೂರ ನೀರು ಅಂತ ಹೆಚ್ಚಿಗೆ ಏನೂ ಅಲ್ಲ." ಆದರೆ ಕಾವೇರಿ ಪೇಪರಿನ ಮುಖಪುಟಕ್ಕೆ ಏರಿದ ದಿನಗಳಲ್ಲಿ ಸ್ಟಾಫ್ ರೂಮಿನಲ್ಲಿ ನನ್ನದೇ ವಿಚಾರಣೆ. "ಎನ್ನ ಮೇಡಂ, ತಣ್ಣಿ ವಿಡಮಾಟ್ಟೀಂಗಳಾ?" ನೀರು ಬಿಡುವುದಿಲ್ಲವಾ ಎಂದು. ಕೆಆರ್‌ಎಸ್ ಗೇಟಿನ ಬೀಗದ ಕೈ ನಮ್ಮತ್ತೆ ಸೆರಗಿನಲ್ಲಿದೆ, ಅವರನ್ನೇ ಕೇಳಿ ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಂಥ ವಾರಗಳಲ್ಲಿ ಅಣ್ಣನೂ ನಾನೂ ಕನ್ನಡವನ್ನು ಲ್ಯಾಬಿನ ಬಾಗಿಲಿನೊಳಗೇ ಇಟ್ಟು ಹೊರಗೆ ಬರುತ್ತಿದ್ದೆವು. ಯಾರೂ ಹೇಳಿರಲಿಲ್ಲ. ನಾವೇ ಹಾಗೆ.

ಮದರಾಸಿಗೂ ನಮ್ಮ ವಿಜ್ಞಾನಕ್ಕೂ ಸಂಬಂಧ ಇವತ್ತಿನದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹುಡುಗರ ಪಾಸು, ಫೇಲು ನಿರ್ಧಾರವಾಗುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯದಲ್ಲಿ. ಆಮೇಲೆ ಇಲ್ಲಿಗೆ ಬಂದವರಲ್ಲಿ ದೊಡ್ಡವರು ಬಿ.ಜಿ.ಎಲ್. ಸ್ವಾಮಿ. ಮರೀನಾಕ್ಕೆ ಮುಖಮಾಡಿದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಪ್ರಾಂಶುಪಾಲರೂ ಆಗಿ, ಕೆಲಸದ ಆಯುಷ್ಯದ ದೊಡ್ಡ ಪಾಲನ್ನು ಅಲ್ಲೇ ಕಳೆದರು. ಗಿಡಗಳ ಬಗ್ಗೆ ಅವರು ಬರೆದ ಪ್ರಬಂಧಗಳನ್ನು ಲೋಕದ ಸಸ್ಯಶಾಸ್ತ್ರಜ್ಞರು ಓದಿದರು. ಅದು ಲೆಕ್ಕಕ್ಕೆ ಬಂತು. ಗಿಡ ನೋಡಲು ಮಕ್ಕಳನ್ನು ಕರೆದುಕೊಂಡು ಕಾಡು ಸುತ್ತಿದ ಕತೆಯನ್ನು ಕನ್ನಡದಲ್ಲಿ ಬರೆದದ್ದಕ್ಕೆ, ಆ ‘ಹಸುರು ಹೊನ್ನು’ವಿಗೆ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಯಾವ ಸರ್ಕಾರಿ ಸರ್ವಿಸ್ ಬುಕ್ಕಿನಲ್ಲೂ ಸ್ವಂತ ಭಾಷೆಯವರನ್ನು ನಗಿಸಿದ್ದಕ್ಕೆ ಒಂದು ಕಾಲಮ್ಮು ಇರುವುದಿಲ್ಲ. ಪ್ರೆಸಿಡೆನ್ಸಿಯ ಮುಂದೆ ಬಸ್ಸು ಹಾದಾಗಲೆಲ್ಲ ನನಗೆ ಅನಿಸುವುದುಂಟು: ಒಳಗೆ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಪಾಠ ಮುಗಿಸಿ, ಮೈಕ್ರೋಸ್ಕೋಪು ಒರೆಸಿಟ್ಟು, ಕನ್ನಡದಲ್ಲಿ ಬರೆಯಲು ಕೂತಾಗ ಅವರಿಗೆ ಹಾಯೆನಿಸಿರಬೇಕು. ಯಾರೂ ಅಂಕ ಕೊಡದ ಕೆಲಸದಲ್ಲಿರುವ ಸುಖವೇ ಬೇರೆ.

2019ರ ಬೇಸಗೆಯಲ್ಲಿ ಕೆರೆಗಳು ಒಣಗಿ ಊರು ಬಾಯಾರಿತು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು, ಐವತ್ತು ವ್ಯಾಗನ್ನು, ಇಪ್ಪತ್ತೈದು ಲಕ್ಷ ಲೀಟರ್. ಬೆಂಗಳೂರು ಮೇಲ್‌ನಲ್ಲಿ ಓಡಾಡಿದ ನಮಗೆಲ್ಲ ಜೋಲಾರ್‌ಪೇಟೆ ಅಂದರೆ ಅರ್ಧರಾತ್ರಿಯ ಕಾಫಿಯ ಕೂಗು. ಅಲ್ಲಿಂದ ನೀರೇ ರೈಲು ಹತ್ತಿ ಬರುತ್ತದೆ ಎಂದು ಯಾರು ಎಣಿಸಿದ್ದರು? ಆ ವರ್ಷ ಲ್ಯಾಬಿನ ನಲ್ಲಿಗಳು ಕೆಮ್ಮಿ ಸುಮ್ಮನಾದವು. ಫ್ಲಾಸ್ಕು ತೊಳೆಯಲು ನೀರಿಲ್ಲದೆ ನೀರಿನ ಪ್ರಯೋಗವನ್ನೇ ಮುಂದೂಡಿದೆವು.

ಆಮೇಲಿನ ಬದಲಾವಣೆ ಸದ್ದಿಲ್ಲದೆ ಆಯಿತು. ಮನೆಮನೆಗೂ ಆರ್‌ಒ ಬಂತು, ಉಳಿದವರಿಗೆ ಇಪ್ಪತ್ತು ಲೀಟರಿನ ಕ್ಯಾನು. ಮನೆಯ ನೀರು ತನ್ನಿ ಎಂದರೆ ಈಗ ಎಲ್ಲರೂ ತರುವುದು ಅದನ್ನೇ. ಹುಡುಗಿ ಶ್ರದ್ಧೆಯಿಂದ ಬ್ಯುರೆಟ್ಟಿನ ಕೆಳಗೆ ಫ್ಲಾಸ್ಕು ಇಟ್ಟು, ಬಫರ್ ಸುರಿದು, ಬಣ್ಣದ ಪುಡಿ ಹಾಕುತ್ತಾಳೆ. ನೀರು ಕೆಂಪಾಗುವುದೇ ಇಲ್ಲ, ನೇರವಾಗಿ ನೀಲಿ. ಶುರುವಾಗುವ ಮೊದಲೇ ಮುಗಿದಿರುತ್ತದೆ. "ಮೇಡಂ, ಎಂಡ್ ಪಾಯಿಂಟ್ ಬಂದುಬಿಟ್ಟಿದೆ!" ಎಂದು ಕೂಗುವ ಆ ಮುಖದ ಸಂತೋಷಕ್ಕೆ ಏನು ಹೇಳಲಿ? ಈಗ ನಾವೇ ಡಿಸ್ಟಿಲ್ಡ್ ವಾಟರಿಗೆ ಲವಣ ಬೆರೆಸಿ ಗಡಸು ನೀರು ತಯಾರಿಸಿ ಕೊಡುತ್ತೇವೆ. ಬೋರು, ಬಾವಿ, ಲಾರಿ ಎಂದು ಊರು ತುಂಬ ನೂರು ರುಚಿಯಿದ್ದದ್ದು ಒಂದೇ ಸಪ್ಪೆಗೆ ಬಂದು ನಿಂತಿದೆ. ಬೇಳೆ ಎಲ್ಲರ ಮನೆಯಲ್ಲೂ ಬೇಯುತ್ತದೆ, ಒಪ್ಪಿಕೊಳ್ಳುತ್ತೇನೆ. ನಮ್ಮತ್ತೆ ಇದ್ದಿದ್ದರೆ ಅವರ ವಿದ್ಯೆಗೆ ಕೆಲಸವಿರುತ್ತಿರಲಿಲ್ಲ.

ಅಣ್ಣನೂ ರಿಟೈರಾದರು. ಬೀಳ್ಕೊಡುಗೆಯ ದಿನ ಅವರ ಸೇವೆಯನ್ನು ಹೊಗಳಿದವರೆಲ್ಲ ಸಮಯಪಾಲನೆ ಅಂದರು, ಪ್ರಾಮಾಣಿಕತೆ ಅಂದರು. ಬಫರಿನ ಮಾತು ಯಾರೂ ಎತ್ತಲಿಲ್ಲ. ಅವರು ಮಾಡಿಟ್ಟ ಕೊನೆಯ ಎರಡು ಲೀಟರ್ ಮುಗಿದ ಮೇಲೆ ರೆಡಿಮೇಡ್ ಸೀಸೆ ತರಿಸಿದೆವು. ಮುಚ್ಚಳಕ್ಕೆ ಸೀಲು, ಮೈಮೇಲೆ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು. ಚೆನ್ನಾಗಿಯೇ ಇದೆ. ಕಿಟಕಿಯ ಗಾಜಿನ ಮೇಲೆ ಮೊದಲಿದ್ದ ಬಿಳಿ ಪೊರೆ ಮಾತ್ರ ಈಗ ಹೊಸದಾಗಿ ಕೂರುವುದಿಲ್ಲ. ಅಮೋನಿಯಾ ಆವಿಯೂ ಪಕ್ಕದ ಶೆಲ್ಫಿನ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಗಾಳಿಯಲ್ಲಿ ಸಂಧಿಸಿ ಕೂರಿಸುತ್ತಿದ್ದ ನವಸಾಗರ ಅದು. ಗುಡಿಸುವವಳು ಅದನ್ನು ಒರೆಸಿ ಒರೆಸಿ ಬೈಯುತ್ತಿದ್ದಳು.

ಮೊನ್ನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಎಕ್ಸ್‌ಟರ್ನಲ್ ಒಬ್ಬರು ವೈವಾ ಮಾಡುತ್ತಿದ್ದರು. ಬಫರ್ ಎಂದರೇನು? ಸ್ವಲ್ಪ ಆಮ್ಲ ಅಥವಾ ಪ್ರತ್ಯಾಮ್ಲ ಸೇರಿಸಿದರೂ ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ. ಗಿಳಿಪಾಠದಂತೆ ಬಂತು ಉತ್ತರ. ಇಲ್ಲಿ ಯಾವ ಬಫರ್ ಹಾಕಿದೆ? ಅಮೋನಿಯಾ, ಅಮೋನಿಯಂ ಕ್ಲೋರೈಡ್. ಅದನ್ನು ಹೇಗೆ ಮಾಡುತ್ತಾರೆ? ಹುಡುಗಿ ನನ್ನ ಮುಖ ನೋಡಿದಳು, ಸೀಸೆಯ ಮುಖ ನೋಡಿದಳು. "ಆರ್ಡರ್ ಮಾಡ್ತಾರೆ ಸಾರ್."

ಎಕ್ಸ್‌ಟರ್ನಲ್ ನಕ್ಕು ಪೂರ್ತಿ ಅಂಕ ಕೊಟ್ಟರು. ಸರಿಯಾದ ಉತ್ತರವೇ ತಾನೆ.

ನನಗೆ ಅದು ಮನಸ್ಸಿನಲ್ಲಿ ಉಳಿಯಿತು. ಪಠ್ಯಕ್ರಮ ತಿದ್ದುವ ಸಭೆಯಲ್ಲಿ ಬಫರ್ ತಯಾರಿಯನ್ನೂ ಒಂದು ಪ್ರಯೋಗವಾಗಿ ಸೇರಿಸೋಣ ಎಂದೆ. ಎಲ್ಲರೂ ತಲೆದೂಗಿದರು. "ಎಷ್ಟು ಅಂಕ ಇಡೋಣ?" ಎಂದರು ಅಧ್ಯಕ್ಷರು. ಐದು ಎನ್ನಲು ಬಾಯಿ ತೆರೆದವಳು ಅಲ್ಲೇ ನಿಲ್ಲಿಸಿದೆ. ಐದು ಅಂಕ ಇಟ್ಟ ದಿನವೇ ಅದಕ್ಕೊಂದು ಸೂತ್ರ ಬರುತ್ತದೆ, ಕೋಷ್ಟಕ ಬರುತ್ತದೆ, ಹೋದ ವರ್ಷದ ರೆಕಾರ್ಡ್ ಬುಕ್ಕು ಕೈಯಿಂದ ಕೈಗೆ ಹೋಗುತ್ತದೆ. ಅಮೋನಿಯಾದ ವಾಸನೆ ಹಿಡಿಯದೆಯೇ ಎಲ್ಲರ ಬಫರಿಗೂ ಪಿಎಚ್ 10.0 ಬರುತ್ತದೆ. ಅಷ್ಟು ದಿನ ನೆಮ್ಮದಿಯಿಂದಿದ್ದ ಒಂದು ಕೆಲಸವನ್ನು ಲೆಕ್ಕಕ್ಕೆ ಎಳೆದು ಕೆಡಿಸಿದ ಪಾಪ ನನಗೆ. ಅಂಕ ಬೇಡ ಸಾರ್ ಎಂದೆ. ಅಂಕವಿಲ್ಲದ್ದನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿ ಇಲ್ಲವೆಂದು ಅದನ್ನು ಕೈಬಿಟ್ಟರು.

ಹಾಗಾಗಿ ಈಗ ನಾವು ಹೇಳದೆ ಕೇಳದೆ ಮಾಡುತ್ತೇವೆ. ಪರೀಕ್ಷೆಗೆ ಮೊದಲಿನ ವಾರ ಒಂದು ಬೆಳಿಗ್ಗೆ, ಕಡಲ ಗಾಳಿ ಏಳುವ ಮೊದಲು, ಬರುವವರು ಬರಬಹುದು. ಹಾಜರಿ ಇಲ್ಲ, ರೆಕಾರ್ಡ್ ಇಲ್ಲ. ಅಮೋನಿಯಾ ನಾನೇ ಸುರಿಯುತ್ತೇನೆ, ಹತ್ತರ ನಂತರ ಹನ್ನೊಂದು ಎಂದು ಜೋರಾಗಿಯೇ ಎಣಿಸುತ್ತೇನೆ. ತಮಿಳು ಮಕ್ಕಳು ಅದನ್ನೂ ಬಫರಿನ ವಿಧಾನವೆಂದುಕೊಂಡು ಜೊತೆಗೆ ಎಣಿಸುತ್ತಾರೆ. ನವಸಾಗರ ಕರಗಿಸುವುದು ಮಾತ್ರ ಅವರ ಪಾಳಿ. ಕಳೆದ ಸಲ ಬೀಕರಿನ ಸುತ್ತ ಮುತ್ತಿಕೊಂಡವರಲ್ಲಿ ಇಬ್ಬರ ಮುಖ ಪರಿಚಯವಿರಲಿಲ್ಲ. ವಿಚಾರಿಸಿದರೆ ಬಿ.ಕಾಂ.ನವರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪುಕ್ಕಟೆ ಎಸಿ ಇದೆ ಅಂತ ಯಾರೋ ಹೇಳಿದರಂತೆ. ಓಡಿಸೋಣವೆಂದುಕೊಂಡೆ, ಏಪ್ರಿಲ್ ತಿಂಗಳು, ಚೆನ್ನೈ, ನನಗೇ ಮನಸ್ಸು ಬರಲಿಲ್ಲ.